ಬರಿಗಾಲ ಪೊಲೀಸ್ ದಾರಿ ತಪ್ಪಿದ್ದೆಲ್ಲಿ?

ಕಾಲಲ್ಲಿ ಬೂಟಿಲ್ಲ. ಮೈಮೇಲೆ ಒಂದು ಬನಿಯನ್. ಕೈಯಲ್ಲಿ ಪಿಸ್ತೂಲು, ಅದರಲ್ಲಿ ಎಣಿಸಿಟ್ಟಷ್ಟೇ ಗುಂಡು. ಬಹುಮಹಡಿ ಕಟ್ಟಡದ ಮೇಲಂತಸ್ತಿನಲ್ಲಿ ಸಿಕ್ಕಿಬಿದ್ದ ಈ ಪೊಲೀಸ್ ಅಧಿಕಾರಿ ಒಡೆದ ಗಾಜಿನ ಮೇಲೆ ಓಡುತ್ತಾನೆ. ಆಮೇಲೆ ಬಚ್ಚಲಿನಲ್ಲಿ ಕುಳಿತು ಅಂಗಾಲಿನಿಂದ ಚೂರುಗಳನ್ನು ಕೀಳುತ್ತಾನೆ. ವಾಕಿಟಾಕಿಯ ಆ ಕಡೆ ಇರುವ, ಮುಖವನ್ನೇ ನೋಡಿರದ ಇನ್ನೊಬ್ಬ ಪೊಲೀಸನಿಗೆ, ‘ನಾನು ಬದುಕಿ ಬಾರದಿದ್ದರೆ ನನ್ನ ಹೆಂಡತಿಯನ್ನು ಹುಡುಕಿ, ನಾನು ಕ್ಷಮೆ ಕೇಳಿದೆನೆಂದು ಹೇಳು’ ಎಂದು ಬೇಡಿಕೊಳ್ಳುತ್ತಾನೆ. 1988ರ ಜುಲೈಯಲ್ಲಿ ತೆರೆ ಕಂಡ ‘ಡೈ ಹಾರ್ಡ್’ ಚಿತ್ರವನ್ನು ನೋಡಿದವರು ಈ ದೃಶ್ಯವನ್ನು ಮರೆತಿರಲಾರರು.

ಇಪ್ಪತ್ತೈದು ವರ್ಷಗಳ ನಂತರ, 2013ರ ಫೆಬ್ರವರಿಯಲ್ಲಿ, ಅದೇ ಪೊಲೀಸ್ ಐದನೆಯ ಬಾರಿಗೆ ತೆರೆಯ ಮೇಲೆ ಬಂದ. ನಟ ಅದೇ ಬ್ರೂಸ್ ವಿಲ್ಲಿಸ್. ಪಾತ್ರದ ಹೆಸರು ಅದೇ ಜಾನ್ ಮೆಕ್‌ಕ್ಲೇನ್. ಊರು ಮಾತ್ರ ಮಾಸ್ಕೊ. ಈ ಸಲ ಆತ ಎತ್ತರದ ಕಿಟಕಿಯಿಂದ ಜಿಗಿದು, ಗೋಡೆಗೆ ಕಟ್ಟಿದ ಸಾರುವೆಯನ್ನು ಮುರಿದುಕೊಂಡು ಕೆಳಗೆ ಬೀಳುತ್ತಾನೆ. ಮೈಕೊಡವಿ ಎದ್ದು ನಡೆಯುತ್ತಾನೆ. ಅಂಗಾಲಿಗೆ ಗಾಜು ಚುಚ್ಚಿದಾಗ ಉಸಿರು ಬಿಗಿಹಿಡಿದಿದ್ದ ಪ್ರೇಕ್ಷಕ ಈ ಬಾರಿ ಕುರ್ಚಿಯಲ್ಲಿ ಅಲುಗಾಡಲಿಲ್ಲ.

‘ಎ ಗುಡ್ ಡೇ ಟು ಡೈ ಹಾರ್ಡ್’ ಎಂಬ ಈ ಚಿತ್ರವನ್ನು ವಿಮರ್ಶಕರು ಹೆಚ್ಚುಕಡಿಮೆ ಒಕ್ಕೊರಲಿನಿಂದ ತಿರಸ್ಕರಿಸಿದರು. ಸರಣಿಯ ಅತ್ಯಂತ ದುರ್ಬಲ ಚಿತ್ರ ಇದೇ ಎಂಬುದರಲ್ಲಿ ಅಭಿಮಾನಿಗಳಲ್ಲೂ ಭಿನ್ನಾಭಿಪ್ರಾಯವಿಲ್ಲ. ಹಣಕ್ಕೆ ಕೊರತೆಯಿರಲಿಲ್ಲ, ಹೆಸರಿಗೆ ಕೊರತೆಯಿರಲಿಲ್ಲ, ನಾಯಕನಟನೂ ಇದ್ದ. ಹಾಗಾದರೆ ಕಳೆದುಹೋದದ್ದೇನು? ಇದಕ್ಕೆ ಉತ್ತರ ಹುಡುಕಬೇಕಾದರೆ ಮೆಕ್‌ಕ್ಲೇನ್ ಹುಟ್ಟಿದ ರೀತಿಯನ್ನು ನೋಡಬೇಕು.

ಸಿನಾತ್ರಾ ಒಲ್ಲೆನೆಂದ ಪಾತ್ರ

ವಿಚಿತ್ರವೆಂದರೆ, ‘ಡೈ ಹಾರ್ಡ್’ ಹುಟ್ಟಿದ್ದೇ ಒಂದು ಮುಂದುವರಿದ ಭಾಗವಾಗಿ. ಅಮೆರಿಕದ ಲೇಖಕ ರೊಡೆರಿಕ್ ಥಾರ್ಪ್ 1966ರಲ್ಲಿ ‘ದಿ ಡಿಟೆಕ್ಟಿವ್’ ಎಂಬ ಕಾದಂಬರಿ ಬರೆದರು. 1968ರಲ್ಲಿ ಅದು ಚಿತ್ರವಾದಾಗ ಹೆಸರಾಂತ ಗಾಯಕ, ನಟ ಫ್ರಾಂಕ್ ಸಿನಾತ್ರಾ ಅದರ ನಾಯಕರಾದರು. ಅದೇ ಪತ್ತೇದಾರನನ್ನು ಇಟ್ಟುಕೊಂಡು ಥಾರ್ಪ್ 1979ರಲ್ಲಿ ‘ನಥಿಂಗ್ ಲಾಸ್ಟ್ಸ್ ಫಾರೆವರ್’ ಎಂಬ ಎರಡನೆಯ ಕಾದಂಬರಿ ಬರೆದರು. ನಿವೃತ್ತ ಪತ್ತೇದಾರನೊಬ್ಬ ಕ್ರಿಸ್‌ಮಸ್ ಹೊತ್ತಿಗೆ ಮಗಳನ್ನು ನೋಡಲು ಲಾಸ್ ಏಂಜಲೀಸ್‌ಗೆ ಹೋಗುತ್ತಾನೆ. ಆಕೆ ಕೆಲಸ ಮಾಡುವ ಕಟ್ಟಡ ಶಸ್ತ್ರಧಾರಿಗಳ ವಶವಾಗುತ್ತದೆ. ಇದು ಅದರ ಕಥೆ.

ಈ ಕಾದಂಬರಿಯನ್ನು ಚಿತ್ರ ಮಾಡಲು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಹೊರಟಾಗ, ಹಳೆಯ ಚಿತ್ರದ ಒಪ್ಪಂದದಂತೆ ಪಾತ್ರವನ್ನು ಮೊದಲು ಸಿನಾತ್ರಾ ಅವರ ಮುಂದಿಡಬೇಕಾಯಿತು. ಆಗ ಅವರಿಗೆ ವಯಸ್ಸು 70 ದಾಟಿತ್ತು. ಅವರು ಒಲ್ಲೆನೆಂದರು. ಆನಂತರ ಹಲವು ಪ್ರಸಿದ್ಧ ತಾರೆಯರೂ ಬೇಡವೆಂದರು. ಕೊನೆಗೆ ಪಾತ್ರ ಸಿಕ್ಕಿದ್ದು ‘ಮೂನ್‌ಲೈಟಿಂಗ್’ ಎಂಬ ಟಿ.ವಿ. ಧಾರಾವಾಹಿಯ ಹಾಸ್ಯ ಬೆರೆತ ಪಾತ್ರದಿಂದ ಹೆಸರಾಗಿದ್ದ ವಿಲ್ಲಿಸ್‌ಗೆ. ಸಂಭಾವನೆ 50 ಲಕ್ಷ ಡಾಲರ್ ಎಂಬ ಸುದ್ದಿ ಹೊರಬಿದ್ದಾಗ ಹಾಲಿವುಡ್ ಹುಬ್ಬೇರಿಸಿತು. ಆರಂಭದ ಜಾಹೀರಾತುಗಳಲ್ಲಿ ನಾಯಕನಿಗಿಂತ ಕಟ್ಟಡಕ್ಕೇ ಹೆಚ್ಚು ಜಾಗವಿತ್ತು ಎಂದರೆ ನಿರ್ಮಾಪಕರಿಗಿದ್ದ ನಂಬಿಕೆ ಎಷ್ಟೆಂಬುದು ಗೊತ್ತಾಗುತ್ತದೆ.

ಅದು ಸ್ಟಲೋನ್ ಮತ್ತು ಶ್ವಾರ್ಜ್‌ನೆಗರ್ ಮೆರೆಯುತ್ತಿದ್ದ ಕಾಲ. ಸಾಹಸ ಚಿತ್ರದ ನಾಯಕನೆಂದರೆ ಉಕ್ಕಿನ ಮೈಯವನು; ಅವನಿಗೆ ಗುಂಡು ತಗಲುವುದಿಲ್ಲ, ತಗಲಿದರೂ ನೋಯುವುದಿಲ್ಲ. ಮೆಕ್‌ಕ್ಲೇನ್ ಅಂಥವನಲ್ಲ. ಅವನಿಗೆ ವಿಮಾನವೆಂದರೆ ಭಯ. ಹೆಂಡತಿ ಬೇರೆ ಊರಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ, ಗಂಡನ ಅಡ್ಡಹೆಸರನ್ನು ಬಿಟ್ಟಿದ್ದಾಳೆ, ಆ ಹೊಟ್ಟೆಕಿಚ್ಚು ಬೇರೆ. ಕಳ್ಳರು ಕಟ್ಟಡವನ್ನು ಹಿಡಿದಾಗ ಅವನು ಮೊದಲು ಮಾಡುವ ಕೆಲಸ ಬೆಂಕಿಯ ಅಪಾಯಗಂಟೆ ಒತ್ತುವುದು. ಅದು ಫಲಿಸದಿದ್ದಾಗ ರೇಡಿಯೊದಲ್ಲಿ ಪೊಲೀಸರನ್ನು ಕರೆಯುತ್ತಾನೆ. ಅಂದರೆ ಯಾರಾದರೂ ಬಂದು ಈ ಹೊರೆ ಇಳಿಸಿಕೊಳ್ಳಲಿ ಎಂಬುದೇ ಅವನ ಆಸೆ. ಯಾರೂ ಬಾರದೆ ಹೋದಾಗಲಷ್ಟೇ ಅವನು ನಾಯಕನಾಗುತ್ತಾನೆ.

ಇಕ್ಕಟ್ಟೇ ಬಲವಾದದ್ದು

ಮೊದಲ ಚಿತ್ರದ ಯಶಸ್ಸಿನ ಗುಟ್ಟು ಅದರ ಇಕ್ಕಟ್ಟಿನಲ್ಲಿದೆ. ಒಂದೇ ಕಟ್ಟಡ. ಒಂದೇ ರಾತ್ರಿ. ಚಿತ್ರಕಥೆಯಲ್ಲಿ ಮೊದಲು ಮೂರು ದಿನಗಳಿಗೆ ಹರಡಿದ್ದ ಕಥೆಯನ್ನು ನಿರ್ದೇಶಕ ಜಾನ್ ಮೆಕ್‌ಟಿಯರ್ನನ್ ಒಂದು ರಾತ್ರಿಗೆ ಇಳಿಸಿದರು. ಚಿತ್ರೀಕರಣಕ್ಕೆ ಬಳಸಿದ್ದು ಫಾಕ್ಸ್ ಸಂಸ್ಥೆಯ ಹೊಸ ಕಟ್ಟಡ. ಅದರ ಕೆಲಸವಿನ್ನೂ ಪೂರ್ತಿ ಮುಗಿದಿರಲಿಲ್ಲ. ತೆರೆಯ ಮೇಲೆ ಕಾಣುವ ಅರೆಕಟ್ಟಿದ ಅಂತಸ್ತುಗಳು, ತಂತಿ, ಕೊಳವೆಗಳ ಹಿಂದೆ ಆ ವಾಸ್ತವವಿದೆ.

ಇನ್ನೊಂದು ಇಕ್ಕಟ್ಟು ಸಮಯದ್ದು. ವಿಲ್ಲಿಸ್ ಹಗಲಿನಲ್ಲಿ ಧಾರಾವಾಹಿಗೆ ಬಣ್ಣ ಹಚ್ಚಿ ರಾತ್ರಿ ಚಿತ್ರಕ್ಕೆ ಬರುತ್ತಿದ್ದರು. ಅವರಿಗೆ ಬಿಡುವು ಕೊಡುವ ಸಲುವಾಗಿ ಇತರ ಪಾತ್ರಗಳ ದೃಶ್ಯಗಳನ್ನು ಹಿಗ್ಗಿಸಲಾಯಿತು. ಹೊರಗೆ ಕಾರಿನ ಬಳಿ ನಿಂತ ಸಾರ್ಜೆಂಟ್ ಪೊವೆಲ್, ಒಳಗೆ ಒತ್ತೆಯಾಳುಗಳ ಪರವಾಗಿ ಎದೆಗೊಟ್ಟು ಮಾತನಾಡುವ ಹಾಲಿ, ನೆಲಮಾಳಿಗೆಯಲ್ಲಿ ಕಾಯುವ ಕಾರಿನ ಚಾಲಕ ಆರ್ಗೈಲ್ ಎಲ್ಲರಿಗೂ ಒಂದೊಂದು ಬದುಕು ಬಂತು. ಇಂಗ್ಲೆಂಡಿನ ರಂಗನಟ ಅಲನ್ ರಿಕ್‌ಮನ್ ತಮ್ಮ ಮೊಟ್ಟಮೊದಲ ಚಲನಚಿತ್ರದಲ್ಲೇ ಹ್ಯಾನ್ಸ್ ಗ್ರೂಬರ್ ಎಂಬ ಖಳನನ್ನು ಚಿರಸ್ಥಾಯಿಗೊಳಿಸಿದರು. ಗ್ರೂಬರನಿಗೆ ಬೇಕಾದದ್ದು 64 ಕೋಟಿ ಡಾಲರ್ ಮೌಲ್ಯದ ಬಾಂಡುಗಳು. ಸಿದ್ಧಾಂತದ ಮಾತೆಲ್ಲ ಬರೀ ಸೋಗು.

ಹೀಗೆ ಪ್ರತಿಯೊಂದು ಕೊರತೆಯೂ ಚಿತ್ರಕ್ಕೆ ಲಾಭವಾಗಿ ತಿರುಗಿತು. ಸುಮಾರು 2 ಕೋಟಿ 80 ಲಕ್ಷ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ ಸುಮಾರು 14 ಕೋಟಿ ಡಾಲರ್ ಗಳಿಸಿತು. ಬಿಡುಗಡೆಯಾದಾಗ ಎಲ್ಲ ವಿಮರ್ಶಕರೂ ಮೆಚ್ಚಿದರೆಂದೇನೂ ಅಲ್ಲ. ಪ್ರಭಾವಿ ವಿಮರ್ಶಕ ರೋಜರ್ ಎಬರ್ಟ್ ಕೊಟ್ಟದ್ದು ಎರಡೇ ನಕ್ಷತ್ರ. ಆದರೆ ನಾಲ್ಕು ಆಸ್ಕರ್ ನಾಮಕರಣಗಳು ಬಂದವು. ಕೆಲವೇ ವರ್ಷಗಳಲ್ಲಿ ಈ ಮಾದರಿಯ ಚಿತ್ರಗಳು ಸಾಲುಗಟ್ಟಿದವು. ‘ಅಂಡರ್ ಸೀಜ್’ (1992) ಹಡಗಿನಲ್ಲಿ ನಡೆಯಿತು. ‘ಸ್ಪೀಡ್’ (1994) ಬಸ್ಸಿನಲ್ಲಿ. ‘ಏರ್ ಫೋರ್ಸ್ ಒನ್’ (1997) ಅಧ್ಯಕ್ಷರ ವಿಮಾನದಲ್ಲಿ. ಎಲ್ಲೆಡೆ ಸೂತ್ರ ಒಂದೇ: ತಪ್ಪಿಸಿಕೊಳ್ಳಲಾಗದ ಒಂದು ಜಾಗ, ಅಲ್ಲಿ ಇರಬಾರದಿದ್ದ ಒಬ್ಬ ಮನುಷ್ಯ.

ಎರವಲು ಕಥೆಗಳ ಅದೃಷ್ಟ

ಸರಣಿಯ ಮೊದಲ ನಾಲ್ಕು ಚಿತ್ರಗಳ ಕಥೆಗಳನ್ನು ಅವುಗಳ ಮೂಲದಲ್ಲಿ ಮೆಕ್‌ಕ್ಲೇನ್‌ಗಾಗಿ ಬರೆದಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಮೊದಲನೆಯದು ಥಾರ್ಪ್ ಕಾದಂಬರಿ. 1990ರ ‘ಡೈ ಹಾರ್ಡ್ 2’ಕ್ಕೆ ಆಧಾರವಾದದ್ದು ವಾಲ್ಟರ್ ವೇಜರ್ 1987ರಲ್ಲಿ ಬರೆದ ‘58 ಮಿನಿಟ್ಸ್’ ಎಂಬ ಬೇರೆಯೇ ಕಾದಂಬರಿ. ಹಿಮ ಸುರಿಯುವ ರಾತ್ರಿ ವಾಷಿಂಗ್ಟನ್ ವಿಮಾನ ನಿಲ್ದಾಣ ದುಷ್ಟರ ಕೈಗೆ ಸಿಕ್ಕಿದೆ. ಮೇಲೆ ಸುತ್ತುತ್ತಿರುವ ವಿಮಾನವೊಂದರಲ್ಲಿ ನಾಯಕನ ಹೆಂಡತಿ ಇದ್ದಾಳೆ. ಇಂಧನ ಮುಗಿಯುತ್ತ ಬಂದಿದೆ. ಇಲ್ಲಿ ಕಟ್ಟಡದ ಗೋಡೆಯ ಕೆಲಸವನ್ನು ಗಡಿಯಾರದ ಮುಳ್ಳು ಮಾಡಿತು.

1995ರ ‘ಡೈ ಹಾರ್ಡ್ ವಿತ್ ಎ ವೆಂಜನ್ಸ್’ ಮೊದಲಿಗೆ ಜೊನಾಥನ್ ಹೆನ್ಸ್‌ಲೀ ಬರೆದ ‘ಸೈಮನ್ ಸೇಸ್’ ಎಂಬ ಸ್ವತಂತ್ರ ಚಿತ್ರಕಥೆಯಾಗಿತ್ತು. ಅನಾಮಿಕನೊಬ್ಬ ಫೋನಿನಲ್ಲಿ ಒಗಟು ಹೇಳುತ್ತಾನೆ, ಬಿಡಿಸದಿದ್ದರೆ ಬಾಂಬು ಸಿಡಿಯುತ್ತದೆ. ಇದಕ್ಕೆ ಮೆಕ್‌ಕ್ಲೇನ್‌ನನ್ನು ಹೊಂದಿಸಿ, ಜೊತೆಗೆ ಸ್ಯಾಮುಯೆಲ್ ಜಾಕ್ಸನ್ ಅಭಿನಯದ ಹಾರ್ಲೆಮ್ ಅಂಗಡಿಕಾರನನ್ನು ಇಟ್ಟು, ನ್ಯೂಯಾರ್ಕಿನ ಬೀದಿಗಳಲ್ಲಿ ಓಡಿಸಲಾಯಿತು. ಜಗತ್ತಿನಾದ್ಯಂತ ಬಂದ ಹಣ ಸುಮಾರು 36 ಕೋಟಿ 60 ಲಕ್ಷ ಡಾಲರ್.

2007ರ ನಾಲ್ಕನೆಯ ಚಿತ್ರ, ಅಮೆರಿಕದಲ್ಲಿ ‘ಲಿವ್ ಫ್ರೀ ಆರ್ ಡೈ ಹಾರ್ಡ್’, ಇದಕ್ಕಿಂತಲೂ ದೂರದಿಂದ ಬಂದದ್ದು. ‘ವೈರ್ಡ್’ ಪತ್ರಿಕೆಯಲ್ಲಿ 1997ರಲ್ಲಿ ಜಾನ್ ಕಾರ್ಲಿನ್ ಬರೆದ, ಕಂಪ್ಯೂಟರ್ ಯುದ್ಧದ ಕುರಿತ ಲೇಖನವನ್ನು ಆಧರಿಸಿ ಚಿತ್ರಕಥೆಯೊಂದು ಸಿದ್ಧವಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದನ್ನು ಕಟ್ಟಿಡಲಾಯಿತು. ವರ್ಷಗಳ ಬಳಿಕ ಅದಕ್ಕೆ ‘ಡೈ ಹಾರ್ಡ್’ ಉಡುಪು ತೊಡಿಸಲಾಯಿತು.

ಮೇಲುನೋಟಕ್ಕೆ ಇದು ಕೈಗೆ ಸಿಕ್ಕಿದ ಕಥೆಗೆ ಲಾಭದ ಹೆಸರು ಅಂಟಿಸುವ ವ್ಯಾಪಾರದಂತೆ ಕಾಣುತ್ತದೆ. ವ್ಯಾಪಾರವೂ ಹೌದು. ಆದರೆ ಅದರಿಂದಲೇ ಒಂದು ಒಳಿತಾಯಿತು. ಎರವಲು ಕಥೆಗೆ ತನ್ನದೇ ಆದ ಸಮಸ್ಯೆಯಿರುತ್ತದೆ. ಮೆಕ್‌ಕ್ಲೇನ್ ಬರಲಿ ಬಿಡಲಿ, ವಿಮಾನದ ಇಂಧನ ಮುಗಿಯುತ್ತದೆ, ಬಾಂಬು ಸಿಡಿಯುತ್ತದೆ. ಆ ಕಥೆಯೊಳಗೆ ಅವನು ನಿಜಕ್ಕೂ ಹೊರಗಿನವನು. ಕರೆಯದೆ ಬಂದವನು, ಯಾರೂ ಮಾತು ಕೇಳದವನು. ಪಾತ್ರದ ಸ್ವಭಾವವೇ ಅದು. ಕಥೆ ಅವನಿಗಾಗಿ ಹೊಲಿದ ಅಂಗಿಯಾಗಿರಲಿಲ್ಲ. ಹೀಗಾಗಿ ಅದರೊಳಗೆ ಅವನ ಒದ್ದಾಟ ಸಹಜವಾಗಿ ಕಂಡಿತು.

ಮಾಸ್ಕೊಗೆ ಬಂದ ಪ್ರವಾಸಿ

ಐದನೆಯ ಚಿತ್ರ ಈ ರೂಢಿಯನ್ನು ಮುರಿಯಿತು. ಮೊದಲಿನಿಂದಲೂ ‘ಡೈ ಹಾರ್ಡ್’ ಆಗಿಯೇ ಬರೆಸಿದ ಮೊದಲ ಕಥೆ ಇದು. ಬರೆದವರು ಸ್ಕಿಪ್ ವುಡ್ಸ್, ನಿರ್ದೇಶಿಸಿದವರು ಜಾನ್ ಮೂರ್. ಅಂಗಿ ಅಳತೆಗೆ ಸರಿಯಾಗಿಯೇ ಹೊಲಿದಿತ್ತು. ಒಳಗಿನ ಮನುಷ್ಯ ಮಾತ್ರ ಕಾಣೆಯಾಗಿದ್ದ.

ಕಥೆಯಿಷ್ಟು: ಮಗ ಜ್ಯಾಕ್ ಮಾಸ್ಕೊದಲ್ಲಿ ಕೊಲೆ ಆರೋಪದ ಮೇಲೆ ಬಂಧಿತನಾದ ಸುದ್ದಿ ಬರುತ್ತದೆ. ಮನಸ್ಸು ಮುರಿದುಕೊಂಡು ದೂರವಾಗಿದ್ದ ಮಗನನ್ನು ನೋಡಲು ತಂದೆ ಹೊರಡುತ್ತಾನೆ. ಅಲ್ಲಿ ಹೋದರೆ ಮಗ ಸಿ.ಐ.ಎ. ಗೂಢಚಾರ; ಕೊಮರೊವ್ ಎಂಬ ಕೈದಿಯನ್ನು ಪಾರುಮಾಡುವ ಕೆಲಸದಲ್ಲಿದ್ದಾನೆ. ನ್ಯಾಯಾಲಯದ ಬಳಿ ಬಾಂಬು ಸಿಡಿಯುತ್ತದೆ, ಬೆನ್ನಟ್ಟುವಿಕೆ ಶುರುವಾಗುತ್ತದೆ. ಮುಂದೆ ಕೊಮರೊವನೇ ಖಳನೆಂದು ತಿಳಿಯುತ್ತದೆ. ಎಲ್ಲರೂ ಚೆರ್ನೋಬಿಲ್‌ನತ್ತ ಓಡುತ್ತಾರೆ.

ಮಾಸ್ಕೊದ ರಸ್ತೆಗಳೆಂದು ತೋರಿಸಿದ್ದರಲ್ಲಿ ಬಹುಪಾಲು ಹಂಗೆರಿಯಲ್ಲಿ ಚಿತ್ರಿಸಿದ್ದು. ಅದೇನೂ ದೋಷವಲ್ಲ, ಹಾಲಿವುಡ್‌ಗೆ ಅದು ಮಾಮೂಲು. ದೋಷ ಬೇರೆ ಕಡೆಯಿದೆ. ಬೆನ್ನಟ್ಟುವ ದೀರ್ಘ ದೃಶ್ಯದಲ್ಲಿ ಮೆಕ್‌ಕ್ಲೇನ್ ಸಾಲುಗಟ್ಟಿ ನಿಂತ ಕಾರುಗಳ ಮೇಲೆಯೇ ತನ್ನ ವಾಹನವನ್ನು ಹತ್ತಿಸಿ ಓಡಿಸುತ್ತಾನೆ. ಅವುಗಳಲ್ಲಿ ಕುಳಿತವರ ಗತಿ ಏನಾಯಿತೆಂದು ಚಿತ್ರ ತಿರುಗಿ ನೋಡುವುದಿಲ್ಲ. ರಷ್ಯನ್ ಭಾಷೆಯಲ್ಲಿ ಗದರಿದ ಚಾಲಕನೊಬ್ಬನ ಮುಖಕ್ಕೆ ಗುದ್ದಿ ಅವನ ಕಾರನ್ನು ಕಸಿಯುತ್ತಾನೆ. ಆ ಮಾತು ತನಗೆ ತಿಳಿಯದೆಂಬುದೇ ಅಲ್ಲಿನ ಹಾಸ್ಯ.

1988ರ ಮೆಕ್‌ಕ್ಲೇನ್ ಇದ್ದದ್ದೇ ಇಂಥ ಸಾಮಾನ್ಯರ ಕಾವಲಿಗೆ. ಅವನ ಪ್ರತಿ ಹೆಜ್ಜೆಯ ಹಿಂದೆ ಮೂವತ್ತನೆಯ ಅಂತಸ್ತಿನಲ್ಲಿ ಕುಳಿತ ಒತ್ತೆಯಾಳುಗಳಿದ್ದರು. ಐದನೆಯ ಚಿತ್ರದಲ್ಲಿ ಒತ್ತೆಯಾಳುಗಳೇ ಇಲ್ಲ. ತಂದೆ ಮಗ ಇಬ್ಬರೂ ಗುಂಡು ಹಾರಿಸಬಲ್ಲವರು, ಇಬ್ಬರೂ ಬೀಳಬಲ್ಲವರು, ಏಳಬಲ್ಲವರು. ಕಾಪಾಡಬೇಕಾದವರೇ ಇಲ್ಲದ ಮೇಲೆ ಪೊಲೀಸನಿಗೆ ಕೆಲಸವೇನು? ತಾನು ರಜೆಯ ಮೇಲೆ ಬಂದವನೆಂದು ಅವನು ಮತ್ತೆ ಮತ್ತೆ ಗೊಣಗುತ್ತಾನೆ. ಮಗನ ಸಂಕಟಕ್ಕೆ ಓಡಿಬಂದ ತಂದೆ ಇವನೇ ಎಂಬುದನ್ನು ಸಂಭಾಷಣೆ ಬರೆದವರೇ ಮರೆತಂತಿದೆ. ಮಾಸ್ಕೊದ ಟ್ಯಾಕ್ಸಿ ಚಾಲಕ ಅವನಿಗಾಗಿ ಸಿನಾತ್ರಾ ಹಾಡೊಂದನ್ನು ಹಾಡುವ ದೃಶ್ಯವಿದೆ. ಈ ಪಾತ್ರ ಮೊದಲು ಯಾರ ಬಾಗಿಲು ತಟ್ಟಿತ್ತೆಂದು ಬಲ್ಲವರಿಗೆ ಇಡೀ ಚಿತ್ರದಲ್ಲಿ ಮುಗುಳ್ನಗೆ ತರಿಸುವ ಜಾಗ ಅದೊಂದೇ.

ಚೆರ್ನೋಬಿಲ್ ದೃಶ್ಯಗಳಂತೂ ಚಿತ್ರದ ಅಸಡ್ಡೆಯ ಮುದ್ರೆಯೊತ್ತಿದಂತಿವೆ. ಮಾಸ್ಕೊದಿಂದ ಸುಮಾರು 700 ಕಿ.ಮೀ. ದೂರದಲ್ಲಿ, ಉಕ್ರೇನ್ ಎಂಬ ಬೇರೆಯೇ ದೇಶದಲ್ಲಿರುವ ಆ ಊರನ್ನು ಇವರು ಕಾರಿನಲ್ಲಿ ಅದೇ ರಾತ್ರಿ ತಲಪುತ್ತಾರೆ. ವಿಕಿರಣದ ಭಯವೇ? ಅದಕ್ಕೊಂದು ಅನಿಲ ಸಿಂಪಡಿಸಿದರೆ ಕೋಣೆ ಶುದ್ಧ! ಯಾವ ಅನಿಲಕ್ಕೂ ಅಂಥ ಶಕ್ತಿಯಿಲ್ಲ. ಅಲ್ಲಿನ ಮಣ್ಣಿನಲ್ಲಿ ಬೆರೆತ ಸೀಸಿಯಂ-137 ತನ್ನಷ್ಟಕ್ಕೆ ಅರ್ಧವಾಗಲು ಸುಮಾರು 30 ವರ್ಷ ಬೇಕು. 1986ರ ಏಪ್ರಿಲ್ 26ರ ದುರಂತದ ಮರುದಿನ ಪಕ್ಕದ ಪ್ರಿಪ್ಯಾತ್ ಪಟ್ಟಣದ ಸುಮಾರು 50 ಸಾವಿರ ಜನ ಮನೆ ಬಿಟ್ಟು ಹೊರಡಬೇಕಾಯಿತು. ಅವರಾರೂ ಮರಳಿ ಅಲ್ಲಿ ಒಲೆ ಹಚ್ಚಲಿಲ್ಲ. ಆ ರಾತ್ರಿ ತಕ್ಕ ರಕ್ಷಣೆಯಿಲ್ಲದೆ ಬೆಂಕಿಗೆ ಎದುರಾದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಹಲವರು ಕೆಲವೇ ವಾರಗಳಲ್ಲಿ ಸತ್ತರು. ಬೇಕಿರದ ಹೊರೆ ಹೆಗಲಿಗೆ ಬಿದ್ದಾಗ ಹಿಂಜರಿಯದ ಸಾಮಾನ್ಯ ಮನುಷ್ಯರು ಅವರು. ಹಳೆಯ ಮೆಕ್‌ಕ್ಲೇನ್ ಅವರ ಪಕ್ಕ ನಿಲ್ಲಬಲ್ಲವನಾಗಿದ್ದ. ಹೊಸಬನಿಗೆ ಆ ಊರು ಗುಂಡು ಹಾರಿಸುವುದಕ್ಕೊಂದು ಹಿನ್ನೆಲೆ, ಅಷ್ಟೇ.

ಗಲ್ಲಾಪೆಟ್ಟಿಗೆಯ ಲೆಕ್ಕ

ಇಷ್ಟಾಗಿಯೂ ಚಿತ್ರ ಮುಗ್ಗರಿಸಲಿಲ್ಲ ಎಂಬುದು ಸ್ವಾರಸ್ಯ. ಅಮೆರಿಕದಲ್ಲಿ ಮೊದಲ ವಾರಾಂತ್ಯ ಗಳಿಕೆಯಲ್ಲಿ ಅದೇ ಮೊದಲು. ಸುಮಾರು 9 ಕೋಟಿ 20 ಲಕ್ಷ ಡಾಲರ್ ವೆಚ್ಚಕ್ಕೆ ಜಗತ್ತಿನಾದ್ಯಂತ ಸುಮಾರು 30 ಕೋಟಿ 40 ಲಕ್ಷ ಡಾಲರ್ ಬಂತು. ಹಾಗೆಂದು ಉಳಿದದ್ದೆಲ್ಲ ಲಾಭವಲ್ಲ. ಟಿಕೆಟ್ ಹಣದಲ್ಲಿ ದೊಡ್ಡ ಪಾಲು ಚಿತ್ರಮಂದಿರಗಳಿಗೆ ಹೋಗುತ್ತದೆ, ಪ್ರಚಾರದ ಖರ್ಚು ಬೇರೆ.

ಈ ಮೊತ್ತವನ್ನು ಬಿಡಿಸಿ ನೋಡಿದರೆ ಒಂದು ಸತ್ಯ ಕಾಣುತ್ತದೆ. ನಾಲ್ಕನೆಯ ಚಿತ್ರ ಅಮೆರಿಕ, ಕೆನಡಾಗಳಲ್ಲಿ 13 ಕೋಟಿ 40 ಲಕ್ಷ ಡಾಲರ್ ಗಳಿಸಿತ್ತು. ಐದನೆಯದು ಅಲ್ಲಿ ಗಳಿಸಿದ್ದು 6 ಕೋಟಿ 70 ಲಕ್ಷ, ನೇರ ಅರ್ಧ. ಉಳಿದ 23 ಕೋಟಿಗೂ ಮೀರಿದ ಹಣ ಹೊರದೇಶಗಳದು. ಅಲ್ಲೆಲ್ಲ ಜನರನ್ನು ಮೊದಲ ದಿನ ಬಾಗಿಲವರೆಗೆ ಕರೆತರಲು ಹಳೆಯ ಹೆಸರು ಸಾಕಾಗಿತ್ತು. ಹಳೆಯ ಚಿತ್ರಗಳು ಗಳಿಸಿಟ್ಟ ನಂಬಿಕೆಯನ್ನು ಹೊಸ ಚಿತ್ರ ಕರಗಿಸಿ ಉಂಡಿತು ಎನ್ನಬಹುದು. ಅಜ್ಜ ನೆಟ್ಟ ಮರದ ಹಣ್ಣು ತಿನ್ನುವುದು ತಪ್ಪಲ್ಲ. ಮರವನ್ನೇ ಕಡಿದು ಸೌದೆ ಮಾರಿದರೆ ಮುಂದಿನ ವರ್ಷಕ್ಕೇನು?

ಮುಂದುವರಿದ ಭಾಗಗಳಿಗೆಲ್ಲ ಇರುವ ಪೇಚು ಇದು. ಪ್ರೇಕ್ಷಕನಿಗೆ ಹಿಂದಿನದೇ ಬೇಕು, ಆದರೆ ಹಿಂದಿನದಕ್ಕಿಂತ ಹೆಚ್ಚು ಬೇಕು. ಸ್ಫೋಟ ಹೆಚ್ಚಿಸುವುದು ಸುಲಭ, ಅದಕ್ಕೆ ಹಣ ಸಾಕು. ಆದರೆ ಸ್ಫೋಟ ದೊಡ್ಡದಾದಷ್ಟೂ ಅದನ್ನು ಗೆಲ್ಲುವ ನಾಯಕನೂ ದೊಡ್ಡವನಾಗಲೇಬೇಕು. ನಾಲ್ಕನೆಯ ಚಿತ್ರದಲ್ಲೇ ಅವನು ಯುದ್ಧವಿಮಾನದ ಬೆನ್ನ ಮೇಲೆ ನಿಂತಿದ್ದ. ನೋವು ಕಡಿಮೆಯಾಗುತ್ತ ಬಂತು, ಭಯ ಮಾಯವಾಯಿತು. ಕಡೆಗೆ ಉಳಿದವನು, ಯಾವ ಉಕ್ಕಿನ ಮೈಯವರಿಗೆ ಬದಲಿಯಾಗಿ ಮೆಕ್‌ಕ್ಲೇನ್ ಹುಟ್ಟಿದ್ದನೋ ಅವರಂಥವನೇ. ಮೊದಲ ನಾಲ್ಕೂ ಚಿತ್ರಗಳು ಎರಡು ಗಂಟೆ ಮೀರಿದ್ದವು. ಐದನೆಯದು ಚಿತ್ರಮಂದಿರದಲ್ಲಿ 100 ನಿಮಿಷವನ್ನೂ ಮುಟ್ಟಲಿಲ್ಲ. ಉಳಿಸಿದ ಆ ಸಮಯ ಪೊವೆಲ್, ಹಾಲಿ, ಆರ್ಗೈಲ್‌ರಂಥ ಜನರಿಗೆ ಸಲ್ಲಬೇಕಾಗಿದ್ದ ಸಮಯ.

ತಿದ್ದಲಾಗದ ಕೊನೆ

ಒಂದು ಚಿತ್ರ ಸೋತರೆ ಮುಂದಿನದರಲ್ಲಿ ಸರಿಪಡಿಸಬಹುದು ಎನ್ನುವುದು ಸರಣಿ ಚಿತ್ರಗಳಿಗಿರುವ ಸವಲತ್ತು. ಜೇಮ್ಸ್ ಬಾಂಡ್ ಸರಣಿ ಅದನ್ನು ಮಾಡಿ ತೋರಿಸಿದೆ. ಮಾಯವಾಗುವ ಕಾರಿನಂಥ ಕಣ್ಕಟ್ಟುಗಳಿಂದ ಭಾರವಾಗಿದ್ದ ‘ಡೈ ಅನದರ್ ಡೇ’ (2002) ನಂತರ, ಹೊಸ ನಟ ಡೇನಿಯಲ್ ಕ್ರೇಗ್‌ರನ್ನು ತಂದು, ಬಾಂಡ್‌ನನ್ನು ಮತ್ತೆ ನೆತ್ತರು ಸುರಿಯುವ ಮನುಷ್ಯನನ್ನಾಗಿಸಿದ್ದು ‘ಕ್ಯಾಸಿನೊ ರಾಯಲ್’ (2006). ಬಾಂಡ್ ಒಂದು ಹುದ್ದೆ. ಕುಳಿತವನು ಎದ್ದರೆ ಇನ್ನೊಬ್ಬ ಬರುತ್ತಾನೆ.

ಮೆಕ್‌ಕ್ಲೇನ್ ಹಾಗಲ್ಲ. ಅವನು ವಿಲ್ಲಿಸ್ ಅವರ ಓರೆನಗೆ, ಗೊಣಗಾಟ, ದಣಿದ ಕಣ್ಣು. ಆರನೆಯ ಚಿತ್ರದ ಯೋಜನೆ ಕೆಲ ವರ್ಷ ಸುದ್ದಿಯಲ್ಲಿತ್ತು. 2019ರಲ್ಲಿ ಫಾಕ್ಸ್ ಸಂಸ್ಥೆ ಡಿಸ್ನಿಯ ಪಾಲಾಯಿತು; ಯೋಜನೆ ಕೈಗೂಡಲಿಲ್ಲ. 2020ರಲ್ಲಿ ಕಾರಿನ ಬ್ಯಾಟರಿಯೊಂದರ ಜಾಹೀರಾತಿನಲ್ಲಿ ಮೆಕ್‌ಕ್ಲೇನ್ ಕೆಲ ನಿಮಿಷ ಕಾಣಿಸಿಕೊಂಡ. ಬ್ಯಾಟರಿಯ ಹೆಸರೂ ‘ಡೈಹಾರ್ಡ್’. 2022ರ ಮಾರ್ಚ್‌ನಲ್ಲಿ ವಿಲ್ಲಿಸ್ ಕುಟುಂಬ, ಮಾತಿನ ಶಕ್ತಿಯನ್ನು ಕುಂದಿಸುವ ಅಫೇಸಿಯಾ ತೊಂದರೆಯಿಂದಾಗಿ ಅವರು ನಟನೆಯಿಂದ ನಿವೃತ್ತರಾಗುತ್ತಿದ್ದಾರೆಂದು ತಿಳಿಸಿತು. 2023ರ ಫೆಬ್ರವರಿಯಲ್ಲಿ ಅದು ಮಿದುಳಿನ ಕ್ಷಯದ ಒಂದು ಬಗೆ, ಫ್ರಂಟೊಟೆಂಪೊರಲ್ ಡಿಮೆನ್ಷಿಯಾ, ಎಂದು ಖಚಿತವಾಯಿತು. ಮಾತಿನ ಚುರುಕಿನಿಂದಲೇ ಪಾತ್ರಕ್ಕೆ ಜೀವ ತುಂಬಿದ ನಟನಿಂದ ಕಾಯಿಲೆ ಕಸಿದದ್ದು ಮಾತನ್ನೇ.

ಹೀಗಾಗಿ 2013ರ ಚಿತ್ರವೇ ಮೆಕ್‌ಕ್ಲೇನ್‌ನ ಕೊನೆಯ ಚಿತ್ರವಾಗಿ ಉಳಿಯಿತು. ಮುಂದಿನ ಸಲ ನೋಡಿಕೊಳ್ಳೋಣ ಎಂದವರಿಗೆ ಮುಂದಿನ ಸಲ ದಕ್ಕಲಿಲ್ಲ. ಒಳ್ಳೆಯ ಪಾತ್ರಕ್ಕೆ ಒಳ್ಳೆಯ ವಿದಾಯ ಕೊಡಲು ಇದ್ದ ಅವಕಾಶ ಒಂದೇ ಆಗಿತ್ತೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಚಿತ್ರಕ್ಕೆ ಮಾತ್ರ ಇದರಿಂದ ಊನವಾಗಿಲ್ಲ. ಸಂರಕ್ಷಿಸಬೇಕಾದ ಚಿತ್ರಗಳನ್ನು ವರ್ಷಕ್ಕೆ ಇಪ್ಪತ್ತೈದರಂತೆ ಆರಿಸುವ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ 2017ರಲ್ಲಿ ಅದು ಸೇರಿತು. ಅದನ್ನು ಕ್ರಿಸ್‌ಮಸ್ ಚಿತ್ರವೆನ್ನಬೇಕೆ ಬೇಡವೆ ಎಂದು ಅಲ್ಲಿನ ಜನ ಪ್ರತಿ ಡಿಸೆಂಬರಿನಲ್ಲೂ ಹುಸಿಜಗಳ ಆಡುತ್ತಾರೆ, ಆಡುತ್ತಲೇ ಇನ್ನೊಮ್ಮೆ ನೋಡುತ್ತಾರೆ. ಐದನೆಯ ಚಿತ್ರವನ್ನು ಕುರಿತು ಜಗಳಾಡುವವರೂ ಇಲ್ಲ.